ಗ್ಲೆನ್ ಗೂಲ್ಡ್ ಪಿಯಾನೊ ಕೇಳುವುದು ಹೇಗೆ: ಹೊಗಳುವವರು, ತೆಗಳುವವರು, ಮಧ್ಯದಲ್ಲಿ ನಿಮ್ಮ ಕಿವಿ

ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಹೆಸರು ಎತ್ತಿದರೆ ಸಾಕು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರಲ್ಲಿ ಎರಡು ಗುಂಪಾಗುತ್ತದೆ. 18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಕೃತಿ ಅಂದರೆ ಗೂಲ್ಡ್, ಮಿಕ್ಕವರೆಲ್ಲ ಆಮೇಲೆ ಅಂತ ಒಂದು ಗುಂಪು. ಅದು ಪಿಯಾನೊ ಅಲ್ಲ, ಟೈಪ್‌ರೈಟರ್ ಅಂತ ಇನ್ನೊಂದು ಗುಂಪು. ಹೊಸದಾಗಿ ಕೇಳಲು ಶುರು ಮಾಡಿದವರು ಎರಡೂ ಕಡೆಯ ಮಾತು ಓದಿ ಓದಿ, ಕೊನೆಗೆ ಸಂಗೀತ ಕೇಳುವ ಮೊದಲೇ ಯಾವುದೋ ಒಂದು ಗುಂಪಿಗೆ ಸೇರಿಬಿಡುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ. ನಾನು ವರ್ಷಗಟ್ಟಲೆ ಇವರನ್ನು ಕೇಳಿದ್ದೇನೆ, ತುಂಬಾ ಪ್ರೀತಿಸುತ್ತೇನೆ, ಕೆಲವು ರೆಕಾರ್ಡಿಂಗ್‌ಗಳನ್ನು ಇವತ್ತಿಗೂ ಪೂರ್ತಿ ಕೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ನಾನು ತೀರ್ಪು ಕೊಡುವುದಿಲ್ಲ. ನಿಮ್ಮ ತೀರ್ಪಿಗೆ ನೀವೇ ಹೋಗುವ ದಾರಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆಯನ್ನು ಬಿಟ್ಟುಬಿಡಿ. ‘ಗೂಲ್ಡ್ ಸರಿಯಾಗಿ ನುಡಿಸುತ್ತಾರಾ ಇಲ್ವಾ’ ಅನ್ನುವ ಪ್ರಶ್ನೆ. ಅದರ ಬದಲು ಹೀಗೆ ಕೇಳಿಕೊಳ್ಳಿ: ಈ ತುಣುಕಿನಲ್ಲಿ, ಈ ವರ್ಷದ ರೆಕಾರ್ಡಿಂಗ್‌ನಲ್ಲಿ, ಬೇರೆಯವರು ಕೇಳಿಸದ ಏನನ್ನು ಇವರು ನನಗೆ ಕೇಳಿಸಿದರು? ಅದಕ್ಕೆ ಬದಲಾಗಿ ಏನನ್ನು ಕಿತ್ತುಕೊಂಡರು? ಗೂಲ್ಡ್ ವಿಷಯದಲ್ಲಿ ಈ ಎರಡೂ ಯಾವಾಗಲೂ ಒಟ್ಟಿಗೇ ಇರುತ್ತವೆ.

ಕುರ್ಚಿ, ಕೈಗವಸು, ಗುನುಗು

ಟೊರಾಂಟೊದಲ್ಲಿ 1932ರಲ್ಲಿ ಹುಟ್ಟಿ 1982ರಲ್ಲಿ, 50 ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಈ ಮನುಷ್ಯನ ಬಗ್ಗೆ ಕತೆಗಳು ಜಾಸ್ತಿ. ಬೇಸಿಗೆಯಲ್ಲೂ ಕೋಟು, ಕೈಗವಸು. 1964ರಲ್ಲಿ, ಇನ್ನೂ 31 ವಯಸ್ಸು, ಲಾಸ್ ಏಂಜಲೀಸ್‌ನ ಒಂದು ಕಛೇರಿ ಮುಗಿಸಿ ಮತ್ತೆ ವೇದಿಕೆಯನ್ನೇ ಹತ್ತಲಿಲ್ಲ, ಉಳಿದ ಜೀವನವೆಲ್ಲ ಸ್ಟುಡಿಯೋದಲ್ಲಿ. ಇಂಥ ಕತೆಗಳಲ್ಲಿ ಹೆಚ್ಚಿನವು ಸಂಗೀತ ಕೇಳಲು ಬೇಕಾಗುವುದಿಲ್ಲ. ಕೋಟಿನ ಕತೆ ಕೇಳಿ ಹುಚ್ಚ ಅಂದುಕೊಂಡರೂ ಕೆಟ್ಟದ್ದೇ, ಮಹಾಪ್ರತಿಭೆ ಅಂದುಕೊಂಡರೂ ಕೆಟ್ಟದ್ದೇ. ಎರಡೂ ಕಿವಿಗೆ ಅಡ್ಡ ಬರುತ್ತವೆ.

ಆದರೆ ಎರಡು ವಿಷಯ ನಾದಕ್ಕೇ ಸಂಬಂಧಪಟ್ಟವು, ಅವನ್ನು ತಿಳಿದುಕೊಂಡಿರಬೇಕು. ಒಂದು ಕುರ್ಚಿ. ಅವರ ಅಪ್ಪ ಮಾಡಿಕೊಟ್ಟ ಮಡಚುವ ಕುರ್ಚಿ, ನೆಲದಿಂದ 14 ಇಂಚು ಎತ್ತರ ಅಷ್ಟೇ. ಅಷ್ಟು ಕೆಳಗೆ ಕೂತರೆ ಭುಜದ ಭಾರ, ತೋಳಿನ ಭಾರ ಕೀಲಿಮಣೆ ಮೇಲೆ ಬೀಳುವುದಿಲ್ಲ, ಬೆರಳು ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿಯೇ ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಕಡಲೆಕಾಳು ಹರವಿದ ಹಾಗೆ ಕೇಳುತ್ತದೆ. ಅದೇ ಕಾರಣಕ್ಕೆ ದೊಡ್ಡ ತುಂಬು ಗರ್ಜನೆ ಬೇಕಾದ ಕಡೆ ಅವರ ಪಿಯಾನೊ ತೆಳು ಅನ್ನಿಸುತ್ತದೆ. ಇನ್ನೊಂದು ಗುನುಗು. ನುಡಿಸುತ್ತಾ ಅವರು ಹಾಡಿಕೊಳ್ಳುತ್ತಾರೆ, ರೆಕಾರ್ಡಿಂಗ್‌ನಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಮೊದಲ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿದಾಗ ನಾನು ಹೆಡ್‌ಫೋನ್ ತೆಗೆದು ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಅಂತ ನೋಡಿದ್ದೆ. ಇದು ಕಿರಿಕಿರಿ ಆಗುವವರು ಸ್ಪೀಕರ್‌ನಲ್ಲಿ, ಸ್ವಲ್ಪ ದೂರ ಕೂತು ಕೇಳಿ, ಗುನುಗು ಹಿಂದಕ್ಕೆ ಸರಿಯುತ್ತದೆ. ಒಂದು ವಾರ ಕೊಟ್ಟ ಮೇಲೂ ಆಗಲ್ಲ ಅಂದರೆ ಆಗಲ್ಲ ಅಷ್ಟೇ. ಅದು ನ್ಯಾಯವಾದ ಆಕ್ಷೇಪಣೆ, ಅದಕ್ಕೆ ನಾಚಿಕೊಳ್ಳಬೇಕಾಗಿಲ್ಲ.

ಎಲ್ಲಿಂದ ಶುರು ಮಾಡುವುದು

ನೇರವಾಗಿ ಬಾಖ್‌ನ ದೊಡ್ಡ ಕೃತಿ ಗೋಲ್ಡ್‌ಬರ್ಗ್ ವೇರಿಯೇಶನ್ಸ್ ಹಾಕಬೇಡಿ. ಎಲ್ಲರೂ ಅದನ್ನೇ ಹೇಳುತ್ತಾರೆ, ಆದರೆ ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಅದು ಒಮ್ಮೆಲೇ ಜಾಸ್ತಿಯಾಗುತ್ತದೆ. ನಮ್ಮಲ್ಲಿ ಒಂದು ರಾಗದ ಎಳೆ, ಕೆಳಗೆ ಶ್ರುತಿ. ಜುಗಲ್‌ಬಂದಿಯಲ್ಲೂ ಒಬ್ಬರು ನುಡಿಸಿದ ಮೇಲೆ ಇನ್ನೊಬ್ಬರು. ಬಾಖ್‌ನಲ್ಲಿ ಎರಡು, ಮೂರು, ನಾಲ್ಕು ಎಳೆಗಳು ಒಂದೇ ಹೊತ್ತಿಗೆ ಹರಿಯುತ್ತವೆ, ಯಾರೂ ಯಾರಿಗೂ ಕಾಯುವುದಿಲ್ಲ. ಕಿವಿ ಸುಮ್ನೆ ಮೇಲಿನ ಎಳೆ ಹಿಡಿದುಕೊಂಡು ಹೋಗುತ್ತದೆ, ಕೆಳಗಿನದ್ದೆಲ್ಲ ಪಕ್ಕವಾದ್ಯ ಅಂದುಕೊಳ್ಳುತ್ತದೆ. ಆಗ ಗೂಲ್ಡ್ ಯಾಕೆ ಇಷ್ಟು ದೊಡ್ಡವರು ಅನ್ನುವುದೇ ಗೊತ್ತಾಗುವುದಿಲ್ಲ.

ಅದಕ್ಕೆ ಇನ್ವೆನ್ಶನ್‌ಗಳಿಂದ ಶುರು ಮಾಡಿ. ಬಾಖ್ ಕಲಿಯುವವರಿಗೆ ಅಂತ ಬರೆದ ಎರಡೇ ಎಳೆಯ ಪುಟ್ಟ ತುಣುಕುಗಳು, ಒಂದೊಂದೂ ಒಂದೆರಡು ನಿಮಿಷ. ಸಿ ಮೇಜರ್‌ನ ಮೊದಲನೆಯದನ್ನು ಮೂರು ಸಲ ಕೇಳಿ. ಒಂದು ಸಲ ಬಲಗೈ ಮಾತ್ರ ಹಿಂಬಾಲಿಸಿ. ಇನ್ನೊಂದು ಸಲ ಎಡಗೈ ಮಾತ್ರ, ಇದು ಕಷ್ಟ, ಕಿವಿ ಜಾರಿ ಜಾರಿ ಮೇಲೆ ಹೋಗುತ್ತದೆ, ಎಳೆದು ತನ್ನಿ. ಮೂರನೇ ಸಲ ಎರಡನ್ನೂ ಬಿಟ್ಟು ಸುಮ್ಮನೆ ಕೂತುಕೊಳ್ಳಿ. ಬಲಗೈ ಹೇಳಿದ್ದನ್ನು ಎಡಗೈ ಕೆಳಗಿನಿಂದ ಮತ್ತೆ ಹೇಳುವುದು ಆಗ ತಾನಾಗಿ ಕೇಳಿಸುತ್ತದೆ. ಬೇರೆ ಹಲವರು ನುಡಿಸಿದಾಗ ಎಡಗೈ ಸ್ವಲ್ಪ ಮರೆಯಲ್ಲಿರುತ್ತದೆ. ಗೂಲ್ಡ್ ಕೈಯಲ್ಲಿ ಎರಡಕ್ಕೂ ಒಂದೇ ತೂಕ. ಅವರನ್ನು ಪ್ರೀತಿಸುವವರು ಪ್ರೀತಿಸುವುದು ಮುಖ್ಯವಾಗಿ ಇದಕ್ಕೇ.

ಇನ್ನೊಂದು ಸಣ್ಣ ವಿಷಯ. 1964ರಲ್ಲಿ ಬಂದ ಈ ರೆಕಾರ್ಡಿಂಗ್‌ನಲ್ಲಿ ಅವರು ತಮ್ಮ ಇಷ್ಟದ ಸ್ಟೈನ್‌ವೇ, ಸಿಡಿ 318 ಅನ್ನುವ ಪಿಯಾನೊ ನುಡಿಸಿದ್ದಾರೆ. ಕೀಲಿ ಇನ್ನೂ ಹಗುರವಾಗಿ, ಚುರುಕಾಗಿ ಓಡಲಿ ಅಂತ ಅದನ್ನು ಬದಲಾಯಿಸಿ ಬದಲಾಯಿಸಿ, ಮಧ್ಯದ ಸ್ಥಾಯಿಯಲ್ಲಿ ಕೆಲವು ಸ್ವರಗಳು ಬಿಕ್ಕಳಿಸಲು ಶುರುವಾದವು. ಒಂದು ಸಲ ಒತ್ತಿದರೆ ಸಣ್ಣಗೆ ಎರಡು ಸಲ ನುಡಿದ ಹಾಗೆ. ಕಿವಿಗೊಟ್ಟರೆ ನಿಮಗೂ ಸಿಗುತ್ತದೆ. ಗೂಲ್ಡ್ ಅದನ್ನು ಮುಚ್ಚಿಡಲಿಲ್ಲ, ಒಪ್ಪಿಕೊಂಡು ಹಾಗೇ ಬಿಟ್ಟರು. ನನಗೆ ಆ ಬಿಕ್ಕಳಿಕೆ ಈಗ ಎಷ್ಟು ಅಭ್ಯಾಸವಾಗಿದೆ ಅಂದರೆ ಬೇರೆಯವರ ಇನ್ವೆನ್ಶನ್ ಕೇಳುವಾಗ ಆ ಜಾಗಗಳು ಖಾಲಿ ಅನ್ನಿಸುತ್ತವೆ.

ಈಗ ಗೋಲ್ಡ್‌ಬರ್ಗ್

ಇಲ್ಲಿ ನಿಧಾನವಾಗಿ ಹೋಗೋಣ, ಎಲ್ಲ ಜಗಳದ ಬೇರು ಇಲ್ಲಿದೆ.

1741ರಲ್ಲಿ ಅಚ್ಚಾದ ಈ ಕೃತಿಯಲ್ಲಿ ಮೊದಲು ಒಂದು ಏರಿಯಾ, ಅಂದರೆ ಹಾಡಿನಂಥ ತುಣುಕು, ಆಮೇಲೆ 30 ವೇರಿಯೇಶನ್, ಅಂದರೆ ಅದರ ರೂಪಾಂತರಗಳು, ಕೊನೆಗೆ ಅದೇ ಏರಿಯಾ ಮತ್ತೆ. ಹೊಸಬರು ಮಾಡುವ ತಪ್ಪು ಏನೆಂದರೆ ಏರಿಯಾದ ಮೇಲಿನ ಚೆಂದದ ರಾಗವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ವೇರಿಯೇಶನ್‌ಗಳಲ್ಲಿ ಅದನ್ನೇ ಹುಡುಕುವುದು. ಸಿಗುವುದಿಲ್ಲ. ಬಾಖ್ ಆ ರಾಗವನ್ನು ಅಲ್ಲೇ ಬಿಟ್ಟು, ಕೆಳಗಿನ ಬೇಸ್ ಎಳೆಯನ್ನು ಮಾತ್ರ ಜೊತೆಗೆ ಒಯ್ಯುತ್ತಾರೆ. ಮೊದಲ ಎಂಟು ಅಳತೆಗಳ (ನಮ್ಮ ತಾಳದ ಆವರ್ತದಂಥ ಭಾಗಗಳ) ಬೇಸ್ ನಮ್ಮ ಸ್ವರದಲ್ಲಿ ಹೇಳುವುದಾದರೆ ಹೀಗಿದೆ: ಸ ನಿ ದ ಪ ಗ ಮ ಪ ಸ. ಶಂಕರಾಭರಣದ ಸ್ವರಗಳು, ಹಿಂದೂಸ್ತಾನಿ ಕೇಳುವವರಿಗೆ ಬಿಲಾವಲ್. ಅಳತೆಗೆ ಒಂದು ಸ್ವರ. ಇದನ್ನು ಹತ್ತು ಸಲ ಬಾಯಲ್ಲಿ ಹೇಳಿಕೊಳ್ಳಿ, ಮೇಲಿನ ಸ-ದಿಂದ ಇಳಿದು, ಗ-ಕ್ಕೆ ಹಾರಿ, ಮತ್ತೆ ಹತ್ತಿ ಸ-ಕ್ಕೆ ನಿಲ್ಲುವುದನ್ನು. ಆಮೇಲೆ ಏರಿಯಾ ಹಾಕಿ ಜೊತೆಗೆ ಗುನುಗಿ. ಆಮೇಲೆ ಮೊದಲ ವೇರಿಯೇಶನ್‌ಗೆ ಗುನುಗಿ. ಮೇಲೆ ಎಷ್ಟೇ ಕುಣಿದಾಟ ಇದ್ದರೂ ಕೆಳಗೆ ಆ ಎಂಟು ಸ್ವರ ಹಾದುಹೋಗುವುದು ಕೇಳಿಸಿದಾಗ ಆಗುವ ಸಂತೋಷ ಬೇರೆಯೇ. ಸಂಗೀತ ಗೊತ್ತಿರುವ ಕನ್ನಡದ ಕೇಳುಗರಿಗೆ ಇದು ಸುಲಭ, ಸ್ವರ ಹೇಳುವ ಅಭ್ಯಾಸ ಇದ್ದೇ ಇರುತ್ತದೆ ಅಲ್ವಾ. 15, 21, 25ನೇ ವೇರಿಯೇಶನ್‌ಗಳಲ್ಲಿ ಮಾತ್ರ ಗಾಂಧಾರ ಇಳಿದು ಬಣ್ಣವೇ ಬದಲಾಗುತ್ತದೆ, ಅಲ್ಲಿ ಗುನುಗು ನಿಲ್ಲಿಸಿ ಕೇಳಿ.

ಗೂಲ್ಡ್ ಇದನ್ನು ಸ್ಟುಡಿಯೋದಲ್ಲಿ ಎರಡು ಸಲ ರೆಕಾರ್ಡ್ ಮಾಡಿದರು. 1955ರ ಜೂನ್‌ನಲ್ಲಿ, 22ರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ. ಮತ್ತೆ 1981ರಲ್ಲಿ, ಅದೇ ಸ್ಟುಡಿಯೋದಲ್ಲಿ. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು 51. ಮೊದಲನೆಯದರಲ್ಲಿ ಬಾಖ್ ಬರೆದ ಪುನರಾವರ್ತನೆಗಳನ್ನೆಲ್ಲ ಬಿಟ್ಟಿದ್ದಾರೆ, ಎರಡನೆಯದರಲ್ಲಿ ಕೆಲವನ್ನು ಇಟ್ಟಿದ್ದಾರೆ. ಮೊದಲನೆಯದು ವೇಗ, ಎರಡನೆಯದು ನಿಧಾನ ಅಂತ ಎಲ್ಲರೂ ಹೇಳುತ್ತಾರೆ. ದಯವಿಟ್ಟು ಇದನ್ನು ನಂಬಿ ಕೂರಬೇಡಿ, ಪರೀಕ್ಷೆ ಮಾಡಿ. ಏರಿಯಾ ಹೌದು, 1955ರಲ್ಲಿ ಎರಡು ನಿಮಿಷಕ್ಕಿಂತ ಕಡಿಮೆ, 1981ರಲ್ಲಿ ಮೂರು ನಿಮಿಷ ದಾಟುತ್ತದೆ. 5ನೇ ವೇರಿಯೇಶನ್ ಹಾಕಿ, ಎರಡೂ 40 ಸೆಕೆಂಡಿನೊಳಗೆ ಮುಗಿದುಹೋಗುತ್ತವೆ, ವಯಸ್ಸಾದ ಗೂಲ್ಡ್ ಒಂದು ಚೂರೂ ನಿಧಾನವಾಗಿಲ್ಲ. ಇನ್ನು 25ನೆಯದು, ಇಡೀ ಕೃತಿಯ ದುಃಖವೆಲ್ಲ ಒಂದು ಕಡೆ ಕೂಡಿಟ್ಟ ಹಾಗಿರುವ ತುಣುಕು, ಅದು 1955ರಲ್ಲಿ ಆರೂವರೆ ನಿಮಿಷದ ಹತ್ತಿರ, 1981ರಲ್ಲಿ ಆರು ನಿಮಿಷ. ಅಂದರೆ ಅಲ್ಲಿ ಹಳೆಯದೇ ನಿಧಾನ.

ಹಾಗಾದರೆ ಬದಲಾಗಿದ್ದು ಏನು? 1981ರಲ್ಲಿ ಅವರು ಇಡೀ ಕೃತಿಗೆ ಒಂದೇ ನಾಡಿ ಕೊಡಲು ನೋಡಿದರು. ಒಂದು ವೇರಿಯೇಶನ್‌ನ ಕಾಲಕ್ಕೂ ಮುಂದಿನದರ ಕಾಲಕ್ಕೂ ಲೆಕ್ಕದ ಸಂಬಂಧ ಇರುತ್ತದೆ, ನಾವು ಒಂದನೇ ಕಾಲ ಎರಡನೇ ಕಾಲ ಅನ್ನುವ ರೀತಿಯ ಯೋಚನೆ, ಆದರೆ ಯಾವಾಗಲೂ ನೇರ ದುಪ್ಪಟ್ಟು ಅಲ್ಲ. ಒಂದು ವೇರಿಯೇಶನ್ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಇರಿ, ಮುಂದಿನದು ಶುರುವಾದಾಗ ಬೆರಳು ನಿಲ್ಲಿಸಬೇಡಿ. ಬಹಳ ಕಡೆ ಆ ತಾಳ ಹೇಗೋ ಹೊಂದಿಕೊಳ್ಳುತ್ತದೆ. 1955ರದ್ದಕ್ಕೆ ಹೀಗೆ ಮಾಡಿ ನೋಡಿ, ಅಲ್ಲಿ ಒಂದೊಂದು ವೇರಿಯೇಶನ್ ತನ್ನ ಪಾಡಿಗೆ ತಾನು ಹಾರುತ್ತದೆ. ಗೂಲ್ಡ್ ಅವರಿಗೇ ತಮ್ಮ ಹಳೆಯ ರೆಕಾರ್ಡಿಂಗ್ ಮೇಲೆ ತಕರಾರು ಇತ್ತು. ಅದರಲ್ಲೂ ಹಳೆಯ 25ನೆಯದರಲ್ಲಿ ಭಾವ ತುಂಬಿ ತುಳುಕಿದ್ದು ಅವರಿಗೆ ಆಮೇಲೆ ಇಷ್ಟವಾಗಲಿಲ್ಲ. ನನಗೆ ಹಳೆಯ 25ನೆಯದೇ ಇಷ್ಟ. ಕಲಾವಿದನ ಮಾತನ್ನೂ ಒಪ್ಪಲೇಬೇಕು ಅಂತಿಲ್ಲ.

ಇಷ್ಟಾದ ಮೇಲೆ ಬೇರೆಯವರನ್ನು ಕೇಳಲೇಬೇಕು. ಇದನ್ನು ಬಿಟ್ಟರೆ ಮಿಕ್ಕ ಎಲ್ಲವೂ ವ್ಯರ್ಥ. ಒಂದೇ ತುಣುಕು ಆರಿಸಿಕೊಳ್ಳಿ, ಏರಿಯಾ ಸಾಕು. ವಾಂಡಾ ಲಾಂಡೊವ್‌ಸ್ಕಾ ಹಾರ್ಪ್ಸಿಕಾರ್ಡ್‌ನಲ್ಲಿ, ಅಂದರೆ ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯದಲ್ಲಿ, 1933ರಲ್ಲೇ ರೆಕಾರ್ಡ್ ಮಾಡಿದ್ದಾರೆ. ರೊಸಾಲಿನ್ ಟ್ಯುರೆಕ್ ಇದ್ದಾರೆ, ಗೂಲ್ಡ್ ಅವರ ಮೇಲೆ ಪ್ರಭಾವ ಬೀರಿದವರು, ತುಂಬಾ ಸಾವಧಾನ. ವಿಲ್‌ಹೆಲ್ಮ್ ಕೆಂಪ್ಫ್ ಏರಿಯಾದ ಅಲಂಕಾರಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿ ನುಡಿಸುತ್ತಾರೆ, ಮೊದಲ ಸಲ ಕೇಳಿದಾಗ ಒಡವೆ ತೆಗೆದಿಟ್ಟ ಮದುಮಗಳ ಮುಖ ನೋಡಿದ ಹಾಗಾಯಿತು ನನಗೆ. ಮರ್ರೇ ಪೆರಾಯ, ಆಂದ್ರಾಶ್ ಶಿಫ್ ಹಾಡುವ ಹಾಗೆ ನುಡಿಸುತ್ತಾರೆ, ಸ್ವರದಿಂದ ಸ್ವರಕ್ಕೆ ಉಸಿರು ಹಾಯುತ್ತದೆ. ಅವರನ್ನು ಕೇಳಿ ಗೂಲ್ಡ್‌ಗೆ ವಾಪಸ್ ಬಂದರೆ ಟೈಪ್‌ರೈಟರ್ ಅನ್ನುವವರ ಮಾತು ಎಲ್ಲಿಂದ ಬಂತು ಅಂತ ಥಟ್ಟನೆ ಅರ್ಥವಾಗುತ್ತದೆ. ಸ್ವರವನ್ನು ಎಳೆದು ನಿಲ್ಲಿಸುವ ಕಾಲಿನ ಪೆಡಲ್ ಬಹಳ ಕಡಿಮೆ, ಸ್ವರಗಳ ನಡುವೆ ಗಾಳಿ ಆಡುತ್ತದೆ. ಗಮಕಕ್ಕೆ ಒಗ್ಗಿದ ಕಿವಿಗೆ ಪಿಯಾನೊವೇ ಒಣ ಒಣ ಅನ್ನಿಸುವುದುಂಟು, ಗೂಲ್ಡ್ ಇನ್ನೂ ಒಣಗಿಸುತ್ತಾರೆ. ಆ ಒಣಗಿಸುವಿಕೆಯಿಂದಲೇ ಒಳಗಿನ ಎಳೆಗಳು ಕಾಣುತ್ತವೆ ಅನ್ನುವುದೂ ಅಷ್ಟೇ ನಿಜ.

ಬಾಖ್ ಒಂದು, ಮೊಜಾರ್ಟ್ ಇನ್ನೊಂದು

ಗೂಲ್ಡ್ ಬಗ್ಗೆ ಯಾರಾದರೂ ವಾದಕ್ಕೆ ಬಂದರೆ ಮೊದಲು ಕೇಳಬೇಕಾದ್ದು, ಯಾವ ಸಂಗೀತಕಾರನ ಬಗ್ಗೆ ಮಾತಾಡುತ್ತಿದ್ದೀರಿ ಅಂತ. ಬಾಖ್ ಗೋಲ್ಡ್‌ಬರ್ಗ್ ಕೃತಿಯನ್ನು ಬರೆದದ್ದು ಎರಡು ಕೀಲಿಮಣೆಗಳ ಹಾರ್ಪ್ಸಿಕಾರ್ಡ್‌ಗೆ. ಆ ವಾದ್ಯದಲ್ಲಿ ಬೆರಳಿನ ಒತ್ತಡದಿಂದ ಸದ್ದು ಹೆಚ್ಚು ಕಡಿಮೆ ಮಾಡಲು ಆಗುವುದಿಲ್ಲ. ಇಲ್ಲಿ ಮೆಲ್ಲಗೆ, ಇಲ್ಲಿ ಜೋರಾಗಿ ಅನ್ನುವ ಗುರುತುಗಳು ಹೆಚ್ಚಾಗಿ ಇಲ್ಲ, ಎಷ್ಟು ವೇಗ ಅನ್ನುವುದೂ ಬಹುತೇಕ ಕಡೆ ಬರೆದಿಲ್ಲ. ಪಿಯಾನೊದಲ್ಲಿ ನುಡಿಸುವ ಪ್ರತಿಯೊಬ್ಬರೂ ತಾವೇ ತೀರ್ಮಾನ ಮಾಡಬೇಕು. ಹಾಗಾಗಿ ಗೂಲ್ಡ್ ಇಲ್ಲಿ ಬಾಖ್ ಮಾತು ಮೀರಿದರು ಅಂತ ಹೇಳುವುದು ಅಷ್ಟು ಸುಲಭವಲ್ಲ.

ಮೊಜಾರ್ಟ್, ಬೀಥೋವನ್ ಹಾಗಲ್ಲ. ಅವರು ಬರೆದಿಟ್ಟಿದ್ದಾರೆ. ಮೊಜಾರ್ಟ್‌ನ ಎ ಮೇಜರ್ ಸೊನಾಟಾ (ಹಲವು ಭಾಗಗಳ ಪಿಯಾನೊ ಕೃತಿ), ಅವರ ಕೃತಿಗಳ ಪಟ್ಟಿಯಲ್ಲಿ ಕೆ. 331, ಕೊನೆಗೆ ಟರ್ಕಿಷ್ ಮಾರ್ಚ್ ಬರುತ್ತದಲ್ಲ ಅದು, ಅದರ ಮೊದಲ ಭಾಗ ಹಾಕಿ ಕೇಳಿ. ತೂಗುವ ಲಾಲಿಯಂಥ ರಾಗ. ಗೂಲ್ಡ್ ಅದನ್ನು ಒಂದೊಂದೇ ಸ್ವರ ಎತ್ತಿ ಇಟ್ಟ ಹಾಗೆ, ತೀರಾ ನಿಧಾನಕ್ಕೆ, ತುಂಡು ತುಂಡಾಗಿ ನುಡಿಸುತ್ತಾರೆ. ಆಮೇಲಿನ ಒಂದೊಂದು ವೇರಿಯೇಶನ್ ಹಿಂದಿನದಕ್ಕಿಂತ ಸ್ವಲ್ಪ ವೇಗ. ಇದೇ ಅವರ ಯೋಜನೆ, ಮೊದಲಿಂದ ಕೊನೆಯವರೆಗೆ ಒಂದೇ ಏರು. ಆ ಏರಿಗಾಗಿ ಮೊಜಾರ್ಟ್ ‘ಅಡಾಜಿಯೊ’, ಅಂದರೆ ನಿಧಾನ, ಅಂತ ಬರೆದ ಐದನೇ ವೇರಿಯೇಶನ್ನನ್ನೂ ವೇಗವಾಗಿ ನುಡಿಸಿಬಿಡುತ್ತಾರೆ. ಟರ್ಕಿಷ್ ಮಾರ್ಚ್ ಮಾತ್ರ ಎಲ್ಲರೂ ಓಡಿಸುವುದನ್ನು ಅವರು ನಡೆಸುತ್ತಾರೆ. ಮೊಜಾರ್ಟ್ ಬೇಗ ಸತ್ತಿದ್ದಲ್ಲ, ತಡವಾಗಿ ಸತ್ತಿದ್ದು ಅಂತ ಹೇಳಿದ ಮನುಷ್ಯ ಇವರು. ಆದರೂ ಸೊನಾಟಾಗಳನ್ನೆಲ್ಲ ರೆಕಾರ್ಡ್ ಮಾಡಿದರು. ಬೀಥೋವನ್‌ನ ಅಪಾಸಿಯೊನಾಟಾ ಸೊನಾಟಾದ ಮೊದಲ ಭಾಗವನ್ನು ಬೇರೆಯವರು ಒಂಬತ್ತು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ, ಗೂಲ್ಡ್‌ಗೆ ಸುಮಾರು 15 ನಿಮಿಷ ಬೇಕಾಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಅಪಾಸಿಯೊನಾಟಾ ನನಗೆ ನೋವಾಗುತ್ತದೆ, ಕಟ್ಟಿದ ಮನೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಬಿಚ್ಚಿ ಅಂಗಳದಲ್ಲಿ ಜೋಡಿಸಿದ ಹಾಗೆ. ಕೆ. 331 ಮಾತ್ರ ಮೂರನೇ ಸಲಕ್ಕೆ ಹಿಡಿಸಿತು, ಆ ಏರು ನಿಜವಾಗಿಯೂ ಕೆಲಸ ಮಾಡುತ್ತದೆ. ಇಂಥ ರೆಕಾರ್ಡಿಂಗ್‌ಗಳನ್ನು ಕೇಳುವ ಕ್ರಮ ಇಷ್ಟೇ: ಮೊದಲು ಬೇರೆ ಒಬ್ಬರದ್ದನ್ನು ಕೇಳಿ ಕೃತಿಯನ್ನು ಪರಿಚಯ ಮಾಡಿಕೊಳ್ಳಿ, ಆಮೇಲೆ ಗೂಲ್ಡ್. ತಿರುಗಾಮುರುಗಾ ಮಾಡಬೇಡಿ. ಬಾಖ್‌ಗೆ ಈ ನಿಯಮ ಬೇಡ, ಮೊಜಾರ್ಟ್‌ಗೆ ಬೇಕು.

ಬೇರೆಯವರ ಜೊತೆ ಮಾತಾಡುವಾಗ

1962ರ ಏಪ್ರಿಲ್ 6ರಂದು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಬ್ರಾಮ್ಸ್‌ನ ಡಿ ಮೈನರ್ ಕನ್ಸರ್ಟೊ, ಅಂದರೆ ಒಬ್ಬ ವಾದಕ ವಾದ್ಯವೃಂದದ ಜೊತೆ ನುಡಿಸುವ ಕೃತಿ. ನುಡಿಸುವುದು ಗೂಲ್ಡ್, ವಾದ್ಯವೃಂದ ನಡೆಸುವುದು ಲೆನರ್ಡ್ ಬರ್ನ್‌ಸ್ಟೈನ್. ಶುರುವಾಗುವ ಮೊದಲು ಬರ್ನ್‌ಸ್ಟೈನ್ ಸಭೆಗೆ ತಿರುಗಿ, ಈ ಕಲ್ಪನೆಯನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಆದರೆ ಇವರು ಗಂಭೀರ ಕಲಾವಿದ, ಇವರ ಯೋಚನೆ ಕೇಳಿಸಿಕೊಳ್ಳಲು ಯೋಗ್ಯ ಅನ್ನುವ ಅರ್ಥದ ಮಾತಾಡಿದರು. ಕನ್ಸರ್ಟೊದಲ್ಲಿ ಯಜಮಾನ ಯಾರು ಅನ್ನುವ ಪ್ರಶ್ನೆಯನ್ನೂ ಎತ್ತಿದರು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆ, ನಿಧಾನ ಅಂದರೆ ಇಷ್ಟು ನಿಧಾನವೇ ಅಂತ. ಈಗ ಆ ರಾತ್ರಿಯ ಧ್ವನಿಮುದ್ರಣ ಸಿಗುತ್ತದೆ. ಸುಮಾರು 20 ವರ್ಷದ ನಂತರ ಅದೇ ಬರ್ನ್‌ಸ್ಟೈನ್, ಪಿಯಾನೊ ವಾದಕ ಕ್ರಿಸ್ಟಿಯನ್ ಜಿಮರ್ಮನ್ ಜೊತೆ ಇದೇ ಕನ್ಸರ್ಟೊ ರೆಕಾರ್ಡ್ ಮಾಡಿದ್ದನ್ನು ಅದರ ಪಕ್ಕ ಇಟ್ಟು ಕೇಳಿ. ಅದೂ 50 ನಿಮಿಷ ದಾಟುತ್ತದೆ, ಅದೂ ನಿಧಾನವೇ. ಭಾಷಣ ಇಲ್ಲದಿದ್ದರೆ ಆ ರಾತ್ರಿ ಎಷ್ಟು ಜನಕ್ಕೆ ಸಿಟ್ಟು ಬರುತ್ತಿತ್ತು ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ. ಅದಕ್ಕೇ ಹೇಳುವುದು, ಹೊಸ ರೆಕಾರ್ಡಿಂಗ್ ಕೇಳುವ ಮೊದಲು ಅದರ ಬಗ್ಗೆ ಏನೂ ಓದಬೇಡಿ. ಒಂದು ಸಲ ಪೂರ್ತಿ ಕೇಳಿ, ಎರಡು ಸಾಲು ಬರೆದಿಟ್ಟುಕೊಳ್ಳಿ, ಆಮೇಲೆ ಓದಿ.

ಆ ಎರಡು ಸಾಲಿನಲ್ಲಿ ಅದ್ಭುತ, ಕೆಟ್ಟದು ಅನ್ನುವ ಪದ ಬೇಡ. ಜಾಗ ಹೇಳಿ. ‘ಬಾಖ್‌ನ ವೆಲ್-ಟೆಂಪರ್ಡ್ ಕ್ಲೇವಿಯರ್ ಸಂಗ್ರಹದ ಮೊದಲ ಭಾಗದ ಸಿ ಮೇಜರ್ ಪ್ರಿಲ್ಯೂಡ್‌ನಲ್ಲಿ ಎಲ್ಲರೂ ನೀರಿನ ಹಾಗೆ ಹರಿಸುವ ಸ್ವರಗಳಲ್ಲಿ ಕೆಲವನ್ನು ಚುಕ್ಕಿ ಇಟ್ಟ ಹಾಗೆ ಕತ್ತರಿಸಿದ್ದಾರೆ, ನನಗೆ ನೆಮ್ಮದಿ ಹೋಯಿತು’ ಅಂತ ಬರೆದರೆ ಅದರ ಮೇಲೆ ಮಾತಾಡಬಹುದು. ಎದುರಿನವರು ಅದೇ ಜಾಗವನ್ನು ಹಾಕಿ ಕೇಳಿ, ಆ ಕತ್ತರಿಸುವಿಕೆಯಿಂದಲೇ ಸ್ವರಗುಚ್ಛ ಬದಲಾಗುವುದು ಸ್ಪಷ್ಟವಾಯಿತು ಅನ್ನಬಹುದು. ಆಗ ಇಬ್ಬರಿಗೂ ಲಾಭ. ನಮ್ಮಲ್ಲೂ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಗಾಯನದ ಬಗ್ಗೆ ಇಂಥದ್ದೇ ವಾದ ನಡೆಯಿತಲ್ಲ, ಘರಾಣೆಯ ಚೌಕಟ್ಟು ಬಿಟ್ಟರು ಅಂತ ಒಬ್ಬರು, ಹೊಸ ಬಾಗಿಲು ತೆಗೆದರು ಅಂತ ಇನ್ನೊಬ್ಬರು. ಯಾವ ಬಂದಿಶ್, ಯಾವ ಜಾಗ ಅಂತ ಹಿಡಿದು ಮಾತಾಡಿದವರ ಮಾತೇ ಇವತ್ತಿಗೂ ಕೇಳಲು ರುಚಿ.

1977ರಲ್ಲಿ ಬಾಹ್ಯಾಕಾಶಕ್ಕೆ ಹೋದ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಗೂಲ್ಡ್ ನುಡಿಸಿದ ಒಂದು ಬಾಖ್ ಇದೆ, ವೆಲ್-ಟೆಂಪರ್ಡ್ ಕ್ಲೇವಿಯರ್ ಎರಡನೇ ಭಾಗದ ಸಿ ಮೇಜರ್ ಪ್ರಿಲ್ಯೂಡ್ ಮತ್ತು ಫ್ಯೂಗ್. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಬೇಸರವಾದ ದಿನ ಇವೆರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ.

ಒಂದು ತಿಂಗಳು ಹೀಗೆ ಕೇಳಿದ ಮೇಲೆ ಕೊನೆಯದಾಗಿ ಒಂದು ಕೆಲಸ ಮಾಡಿ. 1981ರ ಗೋಲ್ಡ್‌ಬರ್ಗ್‌ನ ಮೊದಲ ಏರಿಯಾ ಹಾಕಿ, ನಡುವಿನ 30ನ್ನೂ ಬಿಟ್ಟು ನೇರವಾಗಿ ಕೊನೆಯ ಏರಿಯಾಗೆ ಹೋಗಿ. ಸ್ವರಗಳು ಅವೇ, ಬೇಸ್ ಅದೇ ಸ ನಿ ದ ಪ. ಎರಡನೆಯದು ಅರ್ಧ ನಿಮಿಷಕ್ಕಿಂತ ಜಾಸ್ತಿ ಉದ್ದ. ಆ ಅರ್ಧ ನಿಮಿಷ ಎಲ್ಲೆಲ್ಲಿ ಹಂಚಿಹೋಗಿದೆ ಅಂತ ಹುಡುಕಿ. ಆಮೇಲೆ ಇನ್ನೊಂದು ದಿನ, ಫೋನ್ ಆಫ್ ಮಾಡಿ, 51 ನಿಮಿಷವೂ ಕೂತು ಕೇಳಿ ಆ ಕೊನೆಯ ಏರಿಯಾಗೆ ಬನ್ನಿ.